ಹೊಲದ ಕಲ್ಲು, ತಾಮ್ರದ ಕೊಡ, ಉರ್ದು ಕಾಗದ: ನಮ್ಮ ಮುತ್ತಜ್ಜ ಸತ್ತದ್ದು ಯಾವಾಗ?

ವೈಂಡಿಂಗ್ ಬಸಣ್ಣ, ಗಂಗಾವತಿ

ಎಲ್ಲರಿಗೂ ಶರಣು. ನಾನು ಗಂಗಾವತಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಮೂಲ ಊರು ಕೊಪ್ಪಳ ತಾಲೂಕಿನ ಅಳವಂಡಿ ಹತ್ತಿರದ ಒಂದು ಹಳ್ಳಿ. ಪ್ರಶ್ನೆ ಸ್ವಲ್ಪ ಉದ್ದ ಇದೆ. ಬೇಸರ ಮಾಡಿಕೊಳ್ಳಬೇಡಿ.

ಹೋದ ವರ್ಷ ಅಪ್ಪ ತೀರಿಕೊಂಡರು. ಹೊಲವನ್ನು ನಮ್ಮ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ವಂಶವೃಕ್ಷ ಬೇಕು ಅಂದರು. ದೊಡ್ಡಪ್ಪನನ್ನು ಬೈಕಿನ ಮೇಲೆ ಕೂರಿಸಿಕೊಂಡು ಕಚೇರಿಗೆ ಹೋದೆ. ಅವರಿಗೆ ಈಗ 88. ಅಲ್ಲಿದ್ದ ಹುಡುಗ "ಮೂಲಪುರುಷ ಯಾರು ಅಜ್ಜಾ?" ಎಂದು ಕೇಳಿದ. ದೊಡ್ಡಪ್ಪ ನೆಟ್ಟಗೆ ಕುಳಿತು, "ಬಸಪ್ಪ. ಮುಂಡರಗಿ ಭೀಮರಾಯನ ಜೋಡಿ ಕೊಪ್ಪಳ ಕೋಟ್ಯಾಗ ಸತ್ತಾವ" ಎಂದರು. "ಅವರ ಮಗ?" "ಸಂಗಪ್ಪ. ನಮ್ಮಪ್ಪ."

ಹುಡುಗ ಬರೆದುಕೊಂಡ. ಪಕ್ಕದಲ್ಲಿ ಕುಳಿತಿದ್ದ ನನಗೆ ಅಲ್ಲೇ ಲೆಕ್ಕ ತಪ್ಪಿತು. ಬ್ರಿಟಿಷರ ವಿರುದ್ಧ ಬಂಡೆದ್ದ ಆ ಭೀಮರಾಯ ಸತ್ತದ್ದು 1858ರಲ್ಲಿ. ನಮ್ಮ ಅಜ್ಜ ಸಂಗಪ್ಪ 1981ರಲ್ಲಿ ತೀರಿಕೊಂಡಾಗ ರೇಷನ್ ಕಾರ್ಡಿನಲ್ಲಿ ವಯಸ್ಸು 71 ಇತ್ತು. ಅಂದರೆ ಹುಟ್ಟಿದ್ದು 1910ರ ಆಸುಪಾಸು. ಅಪ್ಪ ಸತ್ತ 52 ವರ್ಷದ ಮೇಲೆ ಮಗ ಹುಟ್ಟಿದನೇ? ಕಚೇರಿಯಲ್ಲಿ ಯಾರೂ ಇದನ್ನು ಕೇಳಲಿಲ್ಲ. ಪಂಚರು ಸಹಿ ಹಾಕಿದರು. ಖಾತೆಯೂ ಆಯಿತು. ನನಗೆ ಮಾತ್ರ ಸಮಾಧಾನ ಇಲ್ಲ. ಕಾಯಿಲ್‌ನಲ್ಲಿ ನಾಲ್ಕು ಸುತ್ತು ಕಡಿಮೆ ಬಿದ್ದರೂ ಮೋಟರ್ ಬಿಸಿಯಾಗುತ್ತದೆ. ಇಲ್ಲಿ ತಲೆಮಾರೇ ಕಡಿಮೆ ಬಿದ್ದಿದೆ.

ನನ್ನ ಕೈಲಿ ಇರುವುದು ಇಷ್ಟು.

ಹೊಲದಲ್ಲಿ ಬನ್ನಿಗಿಡದ ಬುಡಕ್ಕೆ ಮೂರು ಸಮಾಧಿ ಕಟ್ಟೆಗಳಿವೆ. ಒಂದು ಎತ್ತರದ್ದು, ಒಂದು ನಡುವಿನದು, ಒಂದು ಗಿಡ್ಡದು. ನಡುವಿನದಕ್ಕೆ ಮಾತ್ರ ಕೆತ್ತಿದ ಕಲ್ಲು ಇದೆ. ಮೇಲೆ ಲಿಂಗ, ಬಸವಣ್ಣ. ಕೆಳಗೆ ಎರಡು ಸಾಲು ಅಕ್ಷರ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವ ಮುಂಚೆ ವರ್ಷಾವರ್ಷ ಸುಣ್ಣ ಬಳಿಯುತ್ತೇವೆ. ಬಳಿದು ಬಳಿದು ಅಕ್ಷರದ ಗೀರೆಲ್ಲ ತುಂಬಿಹೋಗಿದೆ. ಬೆರಳಾಡಿಸಿದರೆ "ಬಸಪ" ಎನ್ನುವುದು ಸಿಗುತ್ತದೆ. ಅದರ ಕೆಳಗೆ "ಕಾಳ". ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಮಾಸ್ತರರೊಬ್ಬರು ಬಂದು ಅದನ್ನು "ಕಾಳಗ" ಎಂದು ಓದಿದರು. ಕಾಳಗದಲ್ಲಿ ಸತ್ತ ಎಂದಾಯಿತು. ಅವತ್ತಿನಿಂದ ಪ್ರತಿ ಆಗಸ್ಟ್ 15ಕ್ಕೆ ಊರ ಶಾಲೆಯಲ್ಲಿ ದೊಡ್ಡಪ್ಪನ ಭಾಷಣ ಇರುತ್ತದೆ.

ಎರಡನೆಯದು ತಾಮ್ರದ ಕೊಡ. ಅವ್ವ ಅದರಲ್ಲಿ ಈಗಲೂ ನೀರು ತುಂಬುತ್ತಾಳೆ. ಕಂಠದ ಸುತ್ತ ಚುಕ್ಕಿ ಚುಕ್ಕಿ ಹೊಡೆದ ಅಕ್ಷರಗಳಿವೆ. ಮೊದಲ ಅಕ್ಷರದ ಜಾಗ ತಗ್ಗು ಬಿದ್ದು ಅಳಿಸಿದೆ. ಮುಂದಕ್ಕೆ "ಪ್ಲಿ ಅಂ|| ಸೌ|| ವೀರಮ್ಮ ಶುಭಕೃತು" ಎಂದಿದೆ. ನಮ್ಮ ಮನೆಯಲ್ಲಿ ವೀರಮ್ಮ ಎನ್ನುವವರು ಯಾರೂ ಇರಲಿಲ್ಲ. ಸಂತೆಯಲ್ಲಿ ಹಳೇ ಪಾತ್ರೆ ಕೊಂಡಿರಬೇಕು ಎಂದುಕೊಂಡಿದ್ದೆವು.

ಜಗಲಿಯ ಮೇಲೆ ಒಂದು ಬೆಳ್ಳಿ ಕರಡಿಗೆ ಇದೆ. ಒಳಗೆ ಲಿಂಗ ಇಲ್ಲ. ಜೊತೆಗೆ ಚಾರ್ ಮಿನಾರ್ ಚಿತ್ರದ ಎರಡು ಬೆಳ್ಳಿ ರೂಪಾಯಿ, ದೀಪಾವಳಿ ಪೂಜೆಗೆ ಹೊರಬರುತ್ತವೆ. ಕೊನೆಯದು ತಗಡಿನ ಕೊಳವೆಯಲ್ಲಿ ಸುತ್ತಿಟ್ಟ ಒಂದು ಉರ್ದು ಕಾಗದ. ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇಲ್ಲ. ಒಂದು ಮೂಲೆಯಲ್ಲಿ ದೊಡ್ಡ ಮಸಿ ಕಲೆ ಬಿದ್ದಿದೆ.

ಇದರಲ್ಲಿ ಯಾವುದನ್ನು ಹಿಡಿದು ಶುರು ಮಾಡಲಿ? ಹಳೆಯ ದಾಖಲೆ ಕೇಳಲು ಒಂದು ಕಚೇರಿಗೆ ಹೋಗಿದ್ದೆ. "ಗೆದ್ದಲು ತಿಂದಾವ" ಎಂದು ಕುರ್ಚಿಯಿಂದ ಏಳದೆಯೇ ಹೇಳಿ ಕಳಿಸಿದರು.

ಶರಣಪ್ಪ ಮಾಸ್ತರ, ಕುಷ್ಟಗಿ

ತಮ್ಮಾ ಬಸಣ್ಣ, ಕಚೇರಿ ಆಮೇಲೆ. ಮೊದಲು ಕಲ್ಲು ನೋಡು.

ಆಸಿಡ್ ಹಾಕಬೇಡ. ತಂತಿ ಬ್ರಷ್ ಮುಟ್ಟಲೇಬೇಡ. ನಮ್ಮ ಊರಲ್ಲಿ ಒಬ್ಬರು ಟೈಲ್ಸ್ ತೊಳೆಯುವ ಆಸಿಡ್ ಸುರಿದು ವೀರಗಲ್ಲಿನ ಮುಖವನ್ನೇ ತೊಳೆದುಬಿಟ್ಟರು. ಗೋಣಿಚೀಲ ನೆನೆಸಿ ಒಂದು ರಾತ್ರಿ ಕಲ್ಲಿಗೆ ಹೊದಿಸು. ಬೆಳಿಗ್ಗೆ ಸುಣ್ಣ ಪದರ ಪದರವಾಗಿ ಸಡಿಲ ಆಗಿರುತ್ತದೆ. ಬಿದಿರಿನ ಸೀಳಿನಿಂದ ಮೆಲ್ಲಗೆ ಎಬ್ಬಿಸು. ಕತ್ತಲಾದ ಮೇಲೆ ಬ್ಯಾಟರಿಯನ್ನು ಕಲ್ಲಿನ ಪಕ್ಕಕ್ಕೆ ಹಿಡಿ, ಎದುರಿಗೆ ಬೇಡ. ಬೆಳಕು ಓರೆಯಾಗಿ ಬಿದ್ದರೆ ಗೀರುಗಳಲ್ಲಿ ನೆರಳು ನಿಲ್ಲುತ್ತದೆ. ಹಳೇ ಮೋಟರಿನ ನೇಮ್ ಪ್ಲೇಟನ್ನು ನೀನೂ ಹೀಗೇ ಓದುತ್ತೀಯಲ್ಲ?

ನನ್ನ ಅಂದಾಜು ಹೇಳುತ್ತೇನೆ. ಸಮಾಧಿ ಕಲ್ಲಿನ ಮೇಲೆ ಹೆಸರಾದ ಮೇಲೆ "ಕಾಳಗ" ಎಂದು ಯಾರೂ ಬರೆಸುವುದಿಲ್ಲ. ಸಂವತ್ಸರ ಬರೆಸುತ್ತಾರೆ. ಅದು "ಕಾಳಯುಕ್ತಿ" ಇರಬೇಕು. ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರ, ಅದರಲ್ಲಿ ಇದು 52ನೆಯದು.

ಈಗ ತಮಾಷೆ ಕೇಳು. ಕಾಳಯುಕ್ತಿ ಬಂದದ್ದು 1918ರಲ್ಲಿ. ಅದಕ್ಕೆ 60 ವರ್ಷ ಹಿಂದೆ ಬಂದದ್ದು 1858ರಲ್ಲಿ. ನಿಮ್ಮ ದೊಡ್ಡಪ್ಪ ಹೇಳುವ ವರ್ಷವೂ ಅದೇ! ಆದ್ದರಿಂದ ಸಂವತ್ಸರ ಸಿಕ್ಕ ಕೂಡಲೇ ಕುಣಿಯಬೇಡ, ಮಾಸ ನೋಡು. ಕೊಪ್ಪಳ ಕೋಟೆ ಬಿದ್ದದ್ದು ಜೂನ್ ಶುರುವಿಗೆ. ವೈಶಾಖ ಇಲ್ಲವೇ ಜ್ಯೇಷ್ಠ ಬಂದರೆ ದೊಡ್ಡಪ್ಪನ ಮಾತಿಗೆ ಬಲ ಬಂತು. ಬೇರೆ ಮಾಸ ಬಂದರೆ ಕೋಟೆ ಕಥೆ ಆ ಕಲ್ಲಿನದಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಮೊಮ್ಮಗನಿಗೆ ಮುತ್ಯಾನ, ಅಂದರೆ ಅಜ್ಜನ ಹೆಸರು ಇಡುವುದು ರೂಢಿ. ಬಸಪ್ಪ, ಸಂಗಪ್ಪ, ಮತ್ತೆ ಬಸಪ್ಪ, ಮತ್ತೆ ಸಂಗಪ್ಪ. ಬಾಯಿಂದ ಬಾಯಿಗೆ ಬರುವಾಗ ಇಬ್ಬರು ಬಸಪ್ಪಗಳು ಒಬ್ಬನೇ ಆಗಿಬಿಡುತ್ತಾರೆ. ನಿನ್ನ ತಲೆಮಾರು ಬಿದ್ದದ್ದು ಅಲ್ಲೇ ಇರಬೇಕು.

ಕರಡಿಗೆ ಖಾಲಿ ಇದ್ದದ್ದಕ್ಕೆ ಗಾಬರಿ ಬೇಡ. ಇಷ್ಟಲಿಂಗ ಅವರ ಜೊತೆಗೇ ಕುಣಿಗೆ ಹೋಗುತ್ತದೆ. ಬೆಳ್ಳಿ ಮನೆಯಲ್ಲಿ ಉಳಿಯುತ್ತದೆ.

ಟಿಬಿ ಡ್ಯಾಂ ಹುಡುಗ

ಅಣ್ಣಾ, ದೊಡ್ಡಪ್ಪನ ಈ ವರ್ಷದ ಭಾಷಣ ಮುಗಿಯುವವರೆಗಾದರೂ ಸುಣ್ಣ ಕೆರೆಯಬೇಡಿ.

ಸುಮಾ, ಹೊಸಪೇಟೆ

ಬಸಣ್ಣ ಅವರೇ, ಕೊಡದ ಬಗ್ಗೆ ನಾನು ಹೇಳಬಲ್ಲೆ. ನಮ್ಮ ತಾತನದು ಪಾತ್ರೆ ಅಂಗಡಿ. ಚಿಕ್ಕವಳಿದ್ದಾಗ ಅಂಗಡಿ ಬಾಗಿಲಲ್ಲಿ ಹೆಸರು ಹೊಡೆಯುವವರ ಪಕ್ಕ ಕುಳಿತು ನೋಡುತ್ತಿದ್ದೆ. ಸಣ್ಣ ಉಳಿ, ಸಣ್ಣ ಸುತ್ತಿಗೆ. ಟಿಕ್ ಟಿಕ್ ಟಿಕ್ ಎಂದು ಒಂದೊಂದೇ ಚುಕ್ಕಿ. ಅಕ್ಷರಕ್ಕೆ ಇಷ್ಟು ಎಂದು ಕೂಲಿ. ಅದಕ್ಕೇ ಎಲ್ಲರೂ ಹೆಸರು ಮೊಟಕು ಮಾಡಿಸುತ್ತಿದ್ದರು.

"ಸೌ||" ಅಂದರೆ ಸೌಭಾಗ್ಯವತಿ. ಮದುವೆಯಲ್ಲಿ ಹುಡುಗಿಗೆ ಕೊಟ್ಟ ಪಾತ್ರೆ ಅದು. "ಅಂ||" ಮನೆತನದ ಹೆಸರು. ಅಂಗಡಿ ಎನ್ನುವ ಮನೆತನ ಇರಬಹುದು. "ಶುಭಕೃತು" ಏನೋ ಮಂಗಳದ ಮಾತು ಎಂದುಕೊಂಡಿದ್ದೀರಿ ಅನ್ನಿಸುತ್ತದೆ. ಅದೂ ಸಂವತ್ಸರವೇ. 1902ರಲ್ಲಿ ಬಂತು, ಆಮೇಲೆ 1962, ಈಚೆಗೆ 2022. ದೊಡ್ಡಪ್ಪ ಹುಡುಗರಿದ್ದಾಗಲೇ ಕೊಡ ಮನೆಯಲ್ಲಿತ್ತಾ, ಕೇಳಿ. ಇದ್ದರೆ 1962 ಬಿಟ್ಟುಬಿಡಿ.

ಈಗ ಮುಖ್ಯ ಮಾತು. ಮನೆಯಲ್ಲಿರುವ ಪಾತ್ರೆಯ ಮೇಲೆ ಆ ಮನೆಯ ಗಂಡಸಿನ ಹೆಸರನ್ನೇ ಹುಡುಕುತ್ತೀರಿ. ಸಿಗದಿದ್ದರೆ ಸಂತೆಯದು ಅನ್ನುತ್ತೀರಿ. ಪಾತ್ರೆ ಬರುವುದು ಸೊಸೆಯ ಜೊತೆಗೆ, ತವರಿನ ಹೆಸರು ಹೊತ್ತುಕೊಂಡು. ಆ ಊರು ಯಾವುದು? ಕೊನೆಗೆ "ಪ್ಲಿ" ಬರುವ ಊರು ನಮ್ಮ ಸುತ್ತಮುತ್ತ ನನಗೆ ಗೊತ್ತಿರುವುದು ಒಂದೇ, ಕಂಪ್ಲಿ. ಹೆಸರೂ ನೋಡಿ. ನಿಮ್ಮ ಅಳವಂಡಿ ಕಡೆಯ ಹುಡುಗಿಯಾಗಿದ್ದರೆ "ವೀರವ್ವ" ಎಂದು ಹೊಡೆಸುತ್ತಿದ್ದರು. "ವೀರಮ್ಮ" ಅಂದರೆ ನದಿಯ ಈಚೆಯವಳು, ನಮ್ಮ ಬಳ್ಳಾರಿ ಸೀಮೆಯವಳು.

ಒಂದು ಸಂಶಯ. ನಿಮ್ಮ ಮನೆಯಲ್ಲಿ ಯಾರನ್ನಾದರೂ ಊರಿನ ಹೆಸರು ಹಚ್ಚಿ ಕರೆಯುತ್ತಿದ್ದರಾ? ಅವ್ವನನ್ನು ಕೇಳಿ ನೋಡಿ. ದೊಡ್ಡಪ್ಪನನ್ನು ಬೇಡ.

ವೈಂಡಿಂಗ್ ಬಸಣ್ಣ, ಗಂಗಾವತಿ

ಸುಮಾ ಅಕ್ಕಾ, ನಿಮ್ಮ ಕೊನೆಯ ಸಾಲು ಓದಿ ಅಂಗಡಿಯಲ್ಲಿ ಕೈಲಿದ್ದ ವೈರ್ ಕೆಳಗಿಟ್ಟೆ.

ಹಿರೇರ ಹಬ್ಬಕ್ಕೆ ನಮ್ಮ ಮನೆಯಲ್ಲಿ ಬಸಪ್ಪನ ಹೆಸರಲ್ಲಿ ಒಂದು ಧೋತರ ಇಡುತ್ತೇವೆ. ಪಕ್ಕದಲ್ಲಿ ಒಂದು ಹಸಿರು ಸೀರೆ, "ಕಂಪ್ಲೆವ್ವ"ನ ಹೆಸರಲ್ಲಿ. ದ್ಯಾಮವ್ವ, ದುರಗವ್ವ ಇದ್ದ ಹಾಗೆ ಕಂಪ್ಲೆವ್ವ ಯಾವುದೋ ದೇವರು ಎಂದು ನಾನು 47 ವರ್ಷ ಕೈ ಮುಗಿದಿದ್ದೇನೆ. ನನ್ನ ಮಗಳಿಗೂ ಹಾಗೇ ಹೇಳಿಕೊಟ್ಟಿದ್ದೇನೆ! ಅವ್ವನಿಗೆ ಫೋನ್ ಹಚ್ಚಿದೆ. ಅವಳು ನಕ್ಕಳು. "ದೇವರಲ್ಲೋ ಹುಚ್ಚಪ್ಪ. ನಿಮ್ಮ ಮುತ್ಯಾನ ಅವ್ವ. ಸೊಸಿನ್ನ ಆಗ ತವರೂರ ಹೆಸರಲೇ ಕರೀತಿದ್ರು. ಖರೇ ಹೆಸರು ಏನೈತೋ ನಮ್ಮತ್ತೀಗೂ ಗೊತ್ತಿರಲಿಲ್ಲ" ಎಂದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ನೀನು ಕೇಳಿದ್ದೆಯಾ ಅನ್ನುತ್ತಾಳೆ.

ನಾನು 18 ವರ್ಷದಿಂದ ಕಂಪ್ಲಿಯ ಪಂಪ್‌ಸೆಟ್ ಮೋಟರುಗಳನ್ನು ಕಟ್ಟುತ್ತಿದ್ದೇನೆ. ಡ್ಯಾಮಿನಿಂದ ನೀರು ಬಿಟ್ಟಾಗ ಮುಳುಗುವ ಆ ಸೇತುವೆ ಮೇಲೆ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕ ಇಲ್ಲ. ಕೊಡ ತನ್ನ ಕಾಲದ್ದಲ್ಲ, ತನ್ನ ಅಪ್ಪ ಹುಡುಗನಿದ್ದಾಗಿನದು ಎಂದು ದೊಡ್ಡಪ್ಪನೂ ಒಪ್ಪಿದರು. ಹಾಗಾಗಿ 1902 ಅನ್ನಿ.

ಮಾಸ್ತರೇ, ನಿಮ್ಮ ಗೋಣಿಚೀಲದ ಉಪಾಯ ಫಲಿಸಿತು. ಬಿದಿರು ಹಾಕಿದರೆ ಸುಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಒಳಗಿನ ಒಂದು ಪದರಿನಲ್ಲಿ ನೀಲಿ ಬಣ್ಣ ಇತ್ತು. ಯಾರೋ ಬಟ್ಟೆಗೆ ಹಾಕುವ ನೀಲಿ ಬೆರೆಸಿದ್ದಾರೆ. ರಾತ್ರಿ ಎಂಟಕ್ಕೆ ಬ್ಯಾಟರಿ ಹಿಡಿದರೆ ಎರಡನೇ ಸಾಲು ಎದ್ದು ನಿಂತಿತು: "ಕಾಳಯುಕ್ತಿ ಕಾರ್ತೀಕ". ಕಾಳಗ ಅಲ್ಲವೇ ಅಲ್ಲ.

ಕಾರ್ತೀಕ ಅಂದರೆ ನವೆಂಬರ್. ಕೋಟೆ ಕಥೆ ಅಲ್ಲಿಗೆ ಹೋಯಿತು. ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ.

ಆದರೂ ಒಂದು ಗಂಟು ಉಳಿದಿದೆ. ವೀರಮ್ಮ ಈ ಬಸಪ್ಪನ ಹೆಂಡತಿಯೇ ಎನ್ನುವುದಕ್ಕೆ ಏನು ಸಾಕ್ಷಿ? ಉರ್ದು ಕಾಗದದ ಫೋಟೋ ಹಾಕಿದ್ದೇನೆ. ಓದಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಓದಿ.

ನೂರ್ ಟೀಚರ್, ರಾಯಚೂರು

ಅಣ್ಣಾ, ಓದಿದೆ. ಶಿಕಸ್ತಾ ಬರಹ, ಅಕ್ಷರಗಳನ್ನು ಮುರಿದು ಓಡಿಸಿದ್ದಾರೆ. ಮೂರು ರಾತ್ರಿ ಹಿಡಿಯಿತು. ಒಂದೆರಡು ಪದ ಇನ್ನೂ ಸಿಕ್ಕಿಲ್ಲ. ಸಿಕ್ಕಷ್ಟು ಹೇಳುತ್ತೇನೆ.

ಮೇಲಿನ ದುಂಡು ಮೊಹರಿನಲ್ಲಿ "ಜಾಗೀರ್" ಎನ್ನುವ ಪದ ಇದೆ. ಕೊಪ್ಪಳ ಆಗ ನಿಜಾಮರ ರಾಜ್ಯದಲ್ಲಿದ್ದರೂ ನೇರ ಸರ್ಕಾರದ ಕೈಲಿ ಇರಲಿಲ್ಲ. ಸಾಲಾರ್ ಜಂಗ್ ಮನೆತನದ ಜಹಗೀರು. ಹೈದರಾಬಾದಿನ ಮ್ಯೂಸಿಯಂ ಇದೆಯಲ್ಲ, ಅದೇ ಮನೆತನ.

ತಲೆಬರಹ "ವಿರಾಸತ್". ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಹೊಲ ಬದಲಾಯಿಸಿದ ಹುಕುಂ. ನೀವು ಹೋದ ವರ್ಷ ಮಾಡಿಸಿದ ಪೌತಿ ಖಾತೆಯೇ ಇದು. ಪೌತಿ ಎನ್ನುವ ಪದ ಬಂದದ್ದೂ ನಮ್ಮ "ಫೌತ್"ನಿಂದಲೇ, ಸಾವು ಎಂದು ಅರ್ಥ. ನಾನು ಮಕ್ಕಳಿಗೆ ಹೇಳುತ್ತಿರುತ್ತೇನೆ, ತಹಸೀಲ್ ಕಚೇರಿಯಲ್ಲಿ ಅರ್ಧ ದಿನ ಕುಳಿತರೆ ಅರ್ಧ ಪಾರ್ಸಿ ಬರುತ್ತದೆ ಎಂದು.

ಒಳಗಿನ ಮಾತು ಹೀಗಿದೆ. "ಫೌತ್‌ಶುದಾ ಬಸಪ್ಪ ವಲದ್ ಸಂಗಪ್ಪ." ವಲದ್ ಅಂದರೆ ಇಂಥವರ ಮಗ. ವಾರಸುದಾರ "ಸಂಗಪ್ಪ ವಲದ್ ಬಸಪ್ಪ, ನಾಬಾಲಿಗ್, ಉಮರ್ 11 ಸಾಲ್". ನಾಬಾಲಿಗ್ ಅಂದರೆ ಇನ್ನೂ ಪ್ರಾಯಕ್ಕೆ ಬಾರದ ಹುಡುಗ. ಇವರೇ ನಿಮ್ಮ ಅಜ್ಜ ಅಲ್ವಾ? ಹುಡುಗನ ಪರವಾಗಿ ತಾಯಿ, "ಮುಸಮ್ಮಾತ್ ವೀರವ್ವ". ಹೆಂಗಸರ ಹೆಸರಿನ ಹಿಂದೆ ಹಳೆಯ ಕಾಗದಗಳಲ್ಲಿ ಮುಸಮ್ಮಾತ್ ಎಂದು ಬರೆಯುತ್ತಿದ್ದರು. ಕಂಪ್ಲಿಯ ಪಾತ್ರೆಯ ಮೇಲೆ ವೀರಮ್ಮ ಇದ್ದವರು ಕೊಪ್ಪಳದ ಕಾಗದದಲ್ಲಿ ವೀರವ್ವ ಆಗಿದ್ದಾರೆ. ಸುಮಾ ಅವರಿಗೆ ಸಲಾಂ.

ತಾರೀಖು ಬಹಮನ್ ತಿಂಗಳು, 1331 ಫಸಲಿ. ಫಸಲಿ ಅಂದರೆ ಕಂದಾಯದ ಲೆಕ್ಕದ ವರ್ಷ. ಫಸಲಿಗೆ 590 ಕೂಡಿಸಿ, 1921. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರು. ಆಜುರ್, ದೈ, ಬಹಮನ್, ಮೂರನೇ ತಿಂಗಳು. ಹಾಗಾಗಿ 1921ರ ಡಿಸೆಂಬರ್ ಹೊತ್ತು.

ನಿಮ್ಮ ಕಲ್ಲಿನ ಕಾರ್ತೀಕ 1918ರದ್ದು ಎನ್ನಲು ಇಷ್ಟು ಸಾಕು. 1858ರಲ್ಲಿ ಸತ್ತವರ ಮಗನಿಗೆ 1921ರಲ್ಲಿ 11 ವರ್ಷ ಇರಲು ಸಾಧ್ಯವಿಲ್ಲ. 1918ರ ಅಕ್ಟೋಬರ್, ನವೆಂಬರ್ ಅಂದರೆ ಇನ್‌ಫ್ಲುಯೆಂಜಾ. ಆ ಜ್ವರಕ್ಕೆ ಈ ದೇಶದಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಸತ್ತರು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಮುದುಕರಿಗಿಂತ 20ರಿಂದ 40ರ ವಯಸ್ಸಿನ ಗಟ್ಟಿಮುಟ್ಟಾದವರನ್ನೇ ಹೆಚ್ಚು ಹೊತ್ತೊಯ್ದ ಕಾಯಿಲೆ ಅದು. ನಿಮ್ಮ ಮುತ್ತಜ್ಜ ಅದರಿಂದಲೇ ಹೋದರು ಎಂದು ಕಾಗದದಲ್ಲಿ ಬರೆದಿಲ್ಲ. ಎಂಟು ವರ್ಷದ ಮಗನನ್ನು ಬಿಟ್ಟು ಹೋದ ತಂದೆ ಎನ್ನುವುದಷ್ಟೇ ಗೊತ್ತು.

ರೂಪಾಯಿಯ ಚಾರ್ ಮಿನಾರ್ ಬಾಗಿಲೊಳಗೆ ಒಂದು ಸಣ್ಣ ಅಕ್ಷರ ಇರುತ್ತದೆ, ನೋಡಿ. "ಮೀಮ್" ಇದ್ದರೆ ನಿಜಾಮ ಮಹಬೂಬ್ ಅಲಿ ಖಾನರ ಕಾಲ. "ಐನ್" ಇದ್ದರೆ ಉಸ್ಮಾನ್ ಅಲಿ ಖಾನರದು, 1911ರ ಮೇಲೆ.

ಇನ್ನೊಂದು ಹೇಳಬೇಕು. ಮೂಲೆಯಲ್ಲಿರುವುದು ಮಸಿ ಕಲೆ ಅಲ್ಲ, ಅಣ್ಣಾ. ದೊಡ್ಡದು ಮಾಡಿ ನೋಡಿ, ಗೆರೆಗಳಿವೆ. ಪಕ್ಕದಲ್ಲಿ ಸಣ್ಣಗೆ "ನಿಶಾನ್ ಅಂಗೂಠಾ ಮುಸಮ್ಮಾತ್ ವೀರವ್ವ" ಎಂದಿದೆ. ಅದು ಅವರ ಹೆಬ್ಬೆಟ್ಟು.

ನಮ್ಮ ಮನೆಯ ಕಥೆಯೂ ನಿಮ್ಮ ಹಾಗೇ. ಖಬರಸ್ತಾನದಲ್ಲಿ ಒಂದು ಗೋರಿಗೆ 20 ವರ್ಷ ನಮ್ಮ ನಾನಾ, ಅಂದರೆ ತಾಯಿಯ ತಂದೆಯದು ಎಂದು ಹೂ ಹಾಕಿದೆವು. ಆಮೇಲೆ ಹಿರಿಯರೊಬ್ಬರು ತೋರಿಸಿಕೊಟ್ಟರು. ಗಂಡಸರ ಗೋರಿಯ ಮೇಲೆ ಕಲಮ್‌ದಾನ್, ಲೇಖನಿ ಪೆಟ್ಟಿಗೆಯ ಹಾಗೆ ಉಬ್ಬಿದ ಕಲ್ಲು ಇರುತ್ತದೆ. ಹೆಂಗಸರದಕ್ಕೆ ತಖ್ತಿ, ಸಪಾಟು ಹಲಗೆ. ನಾವು ಹೂ ಹಾಕುತ್ತಿದ್ದದ್ದು ತಖ್ತಿಗೆ. ಯಾರದೋ ಅಜ್ಜಿ, ಪಾಪ. ಈಗ ಎರಡೂ ಕಡೆ ಹಾಕುತ್ತೇವೆ.

ನಿವೃತ್ತ ಕಾರಕೂನ

ರಾಯಚೂರು ಕಡೆ ಕಂದಾಯ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿದವನು ನಾನು. ಬಸಣ್ಣ, ಗೆದ್ದಲು ತಿಂದಾವ ಎಂದರೆ ನಂಬಬೇಡಿ. ನನ್ನ ಅನುಭವದಲ್ಲಿ ಹತ್ತಕ್ಕೆ ಆರು ಸಲ ಅದು ಧೂಳಿನ ಭಯ. ಬಾಯಲ್ಲಿ ಕೇಳಿದರೆ ಬಾಯಲ್ಲೇ ಉತ್ತರ ಬರುತ್ತದೆ. ನಕಲಿಗೆ ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

ಹೆಸರು ಹಿಡಿದು ಹುಡುಕಬೇಡಿ. ಸರ್ವೆ ನಂಬರ್ ಹಿಡಿದು ಹೋಗಿ. ಒಂದೇ ಊರಲ್ಲಿ ಒಂಬತ್ತು ಬಸಪ್ಪ ಇರುತ್ತಾರೆ, ಸರ್ವೆ ನಂಬರ್ ಒಂದೇ. ಈಗಿನ ಪಹಣಿಯಿಂದ ಹಿಂದಕ್ಕೆ ಕೈಬರಹದ ಪಹಣಿ, ಅಲ್ಲಿಂದ ಹಕ್ಕು ಬದಲಾವಣೆ ವಹಿ, ಅಲ್ಲಿಂದ 1954-55ರ ಖಾಸ್ರಾ ಪಹಣಿ. ನಿಜಾಮ್ ಸೀಮೆಯ ಊರುಗಳಿಗೆ ಅದು ಗಟ್ಟಿ ಮೆಟ್ಟಿಲು. ತಾಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಕೆಲಸ 2024ರಿಂದ ನಡೆದಿದೆ. ನಿಮ್ಮ ಊರಿನದು ಆಗಿದೆಯಾ ವಿಚಾರಿಸಿ. 1990ರ ದಶಕದ ಕೊನೆಯವರೆಗೆ ಕೊಪ್ಪಳ ರಾಯಚೂರು ಜಿಲ್ಲೆಯಲ್ಲೇ ಇತ್ತು. ಆದ್ದರಿಂದ ರಾಯಚೂರನ್ನೂ ಮರೆಯಬೇಡಿ.

ಖಾಸ್ರಾಕ್ಕಿಂತ ಹಿಂದೆ ಹೋದರೆ ಜಹಗೀರಿನ ಕಾಲ. ಜಹಗೀರುಗಳು ರದ್ದಾದದ್ದು 1949ರಲ್ಲಿ. ಅದಕ್ಕೂ ಮುಂಚಿನ ಕಾಗದ ಕೇಳಬೇಕಾದರೆ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಹೋಗುವಾಗ ಉರ್ದು ಬಲ್ಲವರನ್ನು ಕರೆದುಕೊಂಡು ಹೋಗಿ.

ಕಂಪ್ಲಿಯ ದಾರಿ ಬೇರೆ. ನದಿಯ ಆಚೆ ನಿಜಾಮ್, ಈಚೆ ಮದ್ರಾಸ್. ಬಳ್ಳಾರಿ ಮೈಸೂರಿಗೆ ಸೇರಿದ್ದೇ 1953ರ ಅಕ್ಟೋಬರ್ 1ಕ್ಕೆ. ಕಂಪ್ಲಿ ಆಗ ಹೊಸಪೇಟೆ ತಾಲೂಕು. ಅಲ್ಲಿ ಪಹಣಿಗೆ ಅಡಂಗಲ್ ಅನ್ನುತ್ತಿದ್ದರು, ಲೆಕ್ಕ ಬರೆಯುವವನು ಕರಣಂ. ಫಸಲಿ ಅಲ್ಲೂ ಇತ್ತು, ಆದರೆ ವರ್ಷ ಶುರುವಾಗುವುದು ಜುಲೈ 1ಕ್ಕೆ. ಎರಡನ್ನೂ ಒಂದೇ ಎಂದುಕೊಂಡರೆ ಮೂರು ತಿಂಗಳ ಲೆಕ್ಕ ಎಡವಟ್ಟಾಗುತ್ತದೆ. ನಿಮ್ಮ ವೀರಮ್ಮ ಹರಿಗೋಲು ಹತ್ತಿ ಮದುವೆಯಾಗಿ ಬಂದಾಗ ಊರು ಮಾತ್ರ ಬದಲಾಗಲಿಲ್ಲ. ಸರ್ಕಾರ, ರೂಪಾಯಿ, ವರ್ಷದ ಮೊದಲ ದಿನ ಎಲ್ಲವೂ ಬದಲಾಯಿತು. ಕೊಡಕ್ಕೆ ದಂಡೆಯಲ್ಲಿ ಕರೋಡಗಿರಿ ನಾಕಾದವರು ಸುಂಕ ಕೇಳಿದ್ದರೂ ಕೇಳಿರಬಹುದು!

ಆ ಕಾಗದ ಲ್ಯಾಮಿನೇಷನ್ ಮಾಡಿಸಬೇಡಿ. ಕೈ ಮುಗಿದು ಹೇಳುತ್ತೇನೆ. ಹತ್ತಿ ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿ ಇಡಿ. ತಗಡಿನ ಕೊಳವೆಯೂ ಬೇಡ, ತುಕ್ಕು ಹಿಡಿಯುತ್ತದೆ.

ಶರಣಪ್ಪ ಮಾಸ್ತರ, ಕುಷ್ಟಗಿ

ಹೆಳವರನ್ನು ಯಾರೂ ನೆನೆಯಲಿಲ್ಲವಲ್ಲ. ತಮ್ಮಾ, ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು ವಂಶಾವಳಿ ಹೇಳಿ ಜೋಳ ಒಯ್ಯುತ್ತಿದ್ದರು, ನೆನಪಿದೆಯಾ? ನಿಮ್ಮ ಮನೆತನದ ಹೆಳವ ಯಾರು ಎಂದು ದೊಡ್ಡಪ್ಪನನ್ನು ಕೇಳು. ಈಗ ಅವರ ಮಕ್ಕಳು ಬೈಕಿನಲ್ಲಿ ಬರುತ್ತಾರೆ, ಕೈಲಿ ವಂಶಾವಳಿಯ ಚೋಪಡಿ (ಪುಸ್ತಕ) ಇರುತ್ತದೆ. 1921ರ ಕಾಗದದಲ್ಲಿ ಬಂದ ಹಿರಿಯ ಸಂಗಪ್ಪ, ಅವನ ಅಪ್ಪ, ಅವನ ಅಪ್ಪ ಯಾರು ಎನ್ನುವುದು ಅವರ ಬಾಯಲ್ಲಿ ಸಿಗಬಹುದು.

ವೈಂಡಿಂಗ್ ಬಸಣ್ಣ, ಗಂಗಾವತಿ

ಎಲ್ಲರಿಗೂ ಶರಣು ಶರಣಾರ್ಥಿ. ಹೇಳಬೇಕಾದ್ದು ಸ್ವಲ್ಪ ಇದೆ.

ರೂಪಾಯಿ ಎರಡನ್ನೂ ಮಗಳ ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆ. ಟೀಚರ್ ಬರೆದು ಕಳಿಸಿದ ಅಕ್ಷರದ ಜೊತೆ ಹೊಂದಿಸಿದೆ. ಎರಡರಲ್ಲೂ ಐನ್.

ಹೆಬ್ಬೆಟ್ಟಿನ ಫೋಟೋ ಅವ್ವನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದಳು. ತನ್ನ ಹೆಬ್ಬೆಟ್ಟು ಪಕ್ಕಕ್ಕೆ ಇಟ್ಟು, "ಸಣ್ಣ ಕೈ ಐತಿ" ಎಂದಳು. ಅಷ್ಟೇ ಹೇಳಿದ್ದು. ಮರುದಿನ ಕೊಡ ತೊಳೆದು ಹುಣಸೆಹಣ್ಣು ಹಚ್ಚಿ ಜಗಲಿಯ ಪಕ್ಕ ಇಟ್ಟಿದ್ದಾಳೆ. ನೀರಿಗೆ ಸ್ಟೀಲಿನದು ಬಂದಿದೆ.

ಕಂಪ್ಲಿಯಲ್ಲಿ ಮೋಟರ್ ಕೊಡಲು ಹೋದಾಗ "ಅಂ" ಶುರುವಿನ ಮನೆತನಗಳನ್ನು ವಿಚಾರಿಸುತ್ತಿದ್ದೇನೆ. ಅಂಗಡಿ ಅವರು ಎರಡು ಕಡೆ ಸಿಕ್ಕರು. ಒಬ್ಬರು ನಾನು ಜಮೀನಿನ ಪಾಲು ಕೇಳಲು ಬಂದೆನೇನೋ ಎಂದು ಹೆದರಿ ಚಹಾ ಕೂಡ ಕೊಡಲಿಲ್ಲ. ಇನ್ನೊಬ್ಬರು ಅಜ್ಜಿಯನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ಸರ್ವೆ ನಂಬರ್ ಹಾಕಿ ಖಾಸ್ರಾ ಪಹಣಿಗೆ ಅರ್ಜಿ ಕೊಟ್ಟೆ. ಸ್ವೀಕೃತಿ ಕೈಲಿದೆ. ಈ ಸಲ ಗೆದ್ದಲಿನ ಮಾತು ಬರಲಿಲ್ಲ.

ದೊಡ್ಡಪ್ಪನಿಗೆ ಹೇಳಲೇಬೇಕಾಯಿತು. ಎಳ್ಳಮಾವಾಸ್ಯೆ ಊಟ ಆದ ಮೇಲೆ ಬನ್ನಿಗಿಡದ ನೆರಳಲ್ಲಿ ಕೂರಿಸಿ ಒಂದೊಂದಾಗಿ ಹೇಳಿದೆ. ಕಾಳಯುಕ್ತಿ, ಕಾರ್ತೀಕ, ಕಾಗದ, ಕೊಡ. ಸಿಟ್ಟು ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. ಗಿಡ್ಡ ಕಟ್ಟೆಯ ಕಡೆ ಕೈ ತೋರಿಸಿ, "ಹಂಗಾರ ಅದು ಕಂಪ್ಲೆವ್ವಂದು. ನಮ್ಮಪ್ಪ ಅಲ್ಲಿ ಒಬ್ಬನ ಕುಂತು ಬರತಿದ್ದ" ಎಂದರು. ಅವರ ಬಾಯಿಂದ ಈ ಮಾತು ನಾನು ಕೇಳಿದ್ದು ಅದೇ ಮೊದಲು.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಎಲೆ ಅಡಿಕೆ ಹಾಕಿಕೊಂಡರು. ಆಮೇಲೆ ಕಣ್ಣು ಕಿರಿದು ಮಾಡಿ ನಡುವಿನ ಕಲ್ಲು ನೋಡಿ, "ಇವ ನಮ್ಮ ಮುತ್ಯಾ ಬಸಪ್ಪ, ಒಪ್ಪಿದೆ. ಇವನಪ್ಪ ಸಂಗಪ್ಪ, ಅದೂ ಒಪ್ಪಿದೆ. ಹಂಗಾರ ಅವನಪ್ಪ ಯಾರು? ಬಸಪ್ಪನ ಇರಬೇಕಲ್ಲ? ಕಾಳಗದಾಗ ಸತ್ತಾವ ಅವ. ಆ ಎತ್ತರದ ಕಟ್ಟಿ ಐತಲ್ಲ, ಅದು ಅವನ್ದು" ಎಂದರು.

ಮಾಸ್ತರೇ, ನೀವೇ ಹೇಳಿಕೊಟ್ಟ ಲೆಕ್ಕ ಇದು. ತಪ್ಪು ಎನ್ನಲು ನನ್ನ ಹತ್ತಿರ ಏನೂ ಇಲ್ಲ. ನೆನೆಸಿದ ಗೋಣಿಚೀಲ ತೆಗೆದುಕೊಂಡು ಆ ಕಟ್ಟೆಯ ಕಡೆಗೂ ಹೊರಟಿದ್ದೆ. ದೊಡ್ಡಪ್ಪ ಕೋಲು ಅಡ್ಡ ಹಿಡಿದರು.

"ಅದನ್ನ ಕೆರಿಬ್ಯಾಡ. ಸುಣ್ಣ ಬಳಿ."

ಬಳಿದು ಬಂದೆ.